ಗಾಣದ ಎಣ್ಣೆಗೆ ವೆಬ್‌ಸೈಟ್: ಊರಿನ ಹೆಸರೋ, ಸರಕಿನ ಹೆಸರೋ, ಮನೆಯ ಹೆಸರೋ?

ತುಮಕೂರಿನಲ್ಲಿ ಗಾಣ ಹಾಕಿಕೊಂಡು ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮಾರುವ ನಮ್ಮಂಥವರಿಗೆ ಬೆಂಗಳೂರಿನ ಮನೆಗಳಿಂದ ಬರುವ ಫೋನ್ ಆರ್ಡರುಗಳೇ ವ್ಯಾಪಾರದ ದೊಡ್ಡ ಭಾಗ. ಹೀಗಾಗಿ ವೆಬ್‌ಸೈಟಿನ ವಿಳಾಸವನ್ನು ಗಿರಾಕಿಗಳು ಕಣ್ಣಿನಿಂದ ಓದುವುದಕ್ಕಿಂತ ಕಿವಿಯಿಂದ ಕೇಳುವುದೇ ಹೆಚ್ಚು. ಡೊಮೇನ್ ಹೆಸರನ್ನು ಆರಿಸುವಾಗ ಕೆಲವು ಬಗೆಯ ಹೆಸರುಗಳನ್ನು ನೋಂದಾಯಿಸಿ, ಎಲ್ಲವನ್ನೂ ಒಂದೇ ವೆಬ್‌ಸೈಟಿಗೆ ತಿರುಗಿಸಿ, ಬಿಲ್ಲಿನ ಮೇಲೆ ಒಂದನ್ನು, ಟಿನ್ನಿನ ಲೇಬಲ್ಲಿನ ಮೇಲೆ ಇನ್ನೊಂದನ್ನು ಅಚ್ಚು ಹಾಕಿಸಿ, ಫೋನಿನಲ್ಲಿ ಮತ್ತೊಂದನ್ನು ಹೇಳಿ ನೋಡಿದೆವು.

ಮೊದಲನೆಯದು ಊರಿನ ಹೆಸರು ಸೇರಿದ ವಿಳಾಸ. ಇದಕ್ಕೆ ತಕ್ಷಣದ ನಂಬಿಕೆ ಸಿಗುತ್ತದೆ, ಏಕೆಂದರೆ ತುಮಕೂರು ಎಂದೊಡನೆ ತೆಂಗು, ತಿಪಟೂರಿನ ಕೊಬ್ಬರಿ ನೆನಪಿಗೆ ಬರುತ್ತವೆ. ಆದರೆ 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದ ಮೇಲೆಯೂ ಹಳೆಯ ರೂಪವನ್ನೇ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಹೊಸ ರೂಪದಲ್ಲಿ ನಡುವೆ ಒಂದು ‘ಎ’, ಕೊನೆಗೊಂದು ‘ಯು’ ಹೆಚ್ಚಾಗಿವೆ. ಅದರ ಮೇಲೆ, ‘ತ’ಕಾರಕ್ಕೆ ‘ಟಿ’ ಒಂದೇ ಸಾಲದೆಂದು ‘ಹೆಚ್’ ಸೇರಿಸಿ ಬರೆಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. “ಅಣ್ಣಾ, ಟಿ ಆದಮೇಲೆ ಹೆಚ್ ಬರುತ್ತಾ?” ಎಂದು ಕೇಳಿದ ಗಿರಾಕಿಗೆ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳುವಷ್ಟರಲ್ಲಿ ಆರ್ಡರನ್ನೇ ಬರೆದುಕೊಳ್ಳಬಹುದಿತ್ತು. ಚಿಕ್ಕಬಳ್ಳಾಪುರದವರ ಕಷ್ಟ ಇನ್ನೂ ಹೆಚ್ಚಿನದು: ‘ಕ್ಕ’ ಒತ್ತಕ್ಷರಕ್ಕೆ ಎರಡು ‘ಕೆ’ ಹಾಕುವವರೂ ‘ಸಿ’, ‘ಕೆ’ ಹಾಕುವವರೂ ಇದ್ದಾರೆ, ‘ಳ್ಳ’ಕ್ಕೆ ಎಷ್ಟು ‘ಎಲ್’ ಎಂಬುದೂ ಅವರವರ ಇಷ್ಟ. ಕೋಲಾರದವರಿಗೆ ಮಾತ್ರ ಈ ತೊಂದರೆ ಕಡಿಮೆ. ಐದು ಅಕ್ಷರಗಳ ಒಂದೇ ರೂಪ ಎಲ್ಲರ ಕೈಗೂ ಕೂತಿದೆ.

ಸರಕಿನ ಹೆಸರು ಎರಡನೆಯದು. ಗಾಣಕ್ಕೆ ‘ಎ’ ಒಂದೋ ಎರಡೋ, ಎಣ್ಣೆ ಶುರುವಾಗುವುದು ‘ಇ’ಯಿಂದಲೋ ‘ವೈ’ನಿಂದಲೋ ಎಂಬ ಗೊಂದಲ ಇಲ್ಲಿಯೂ ತಪ್ಪಲಿಲ್ಲ. ಇಂಗ್ಲಿಷಿನ ಕೋಲ್ಡ್ ಪ್ರೆಸ್ಡ್ ಆಯಿಲ್ ಎಂಬ ಪದಗಳನ್ನು ತೆಗೆದುಕೊಳ್ಳೋಣವೆಂದರೆ ಅಂಥ ಹೆಸರುಗಳು ಬೇರೆಯವರ ಪಾಲಾಗಿದ್ದವು, ಉಳಿದಿದ್ದವು ನಡುವೆ ಅಡ್ಡಗೀಟು ಇರುವಂಥವು ಮಾತ್ರ. ಅಡ್ಡಗೀಟನ್ನು ಬಾಯಲ್ಲಿ ಹೇಳಿದರೂ ಟೈಪ್ ಮಾಡುವಾಗ ಬಿಟ್ಟುಬಿಡುತ್ತಾರೆ, ಹಾಗೆ ಬಿಟ್ಟವರು ನೇರವಾಗಿ ಪ್ರತಿಸ್ಪರ್ಧಿಯ ಅಂಗಡಿಗೆ ಹೋಗಿ ನಿಲ್ಲುತ್ತಾರೆ. ಸರಕಿನ ಹೆಸರಿಟ್ಟರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂಬ ಮಾತನ್ನು ಈಗ ನೆಚ್ಚುವಂತಿಲ್ಲ. ಹುಡುಕುವ ಪದವನ್ನೇ ಹೆಸರಾಗಿಟ್ಟುಕೊಂಡ ಕಳಪೆ ಸೈಟುಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್ 2012ರಲ್ಲೇ ತಂದಿತ್ತು.

ಕಲ್ಪತರು ನಾಡಿನವರಾದ ನಮಗೆ ಕಲ್ಪತರು ಎಂಬ ಪದದ ಮೇಲಿನ ಅಭಿಮಾನ ದೊಡ್ಡದು. ಆದರೂ ಅದನ್ನು ಬೇಗನೆ ಕೈಬಿಟ್ಟೆವು. ಜಿಲ್ಲೆಯ ಕಾಲೇಜು, ಅಂಗಡಿ, ಹೋಟೆಲುಗಳಿಂದ ಹಿಡಿದು ಮುಂಬಯಿಯ ಕಟ್ಟಡ ನಿರ್ಮಾಣದ ದೊಡ್ಡ ಸಂಸ್ಥೆಯವರೆಗೆ ಆ ಹೆಸರು ಹರಡಿದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆ ಉಂಟೆಂದು ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿರುವುದರಿಂದ, ವಿಳಾಸ ಖಾಲಿ ಇದೆ ಎಂಬುದಷ್ಟನ್ನೇ ನೋಡಿ ದುಡ್ಡು ಕಟ್ಟಬಾರದು, ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ಅದೇ ಹೆಸರನ್ನು ಹುಡುಕಿಯೇ ಮುಂದುವರಿಯಬೇಕು.

ಕೊನೆಗೆ ಉಳಿದದ್ದು ಮನೆಯ ಹೆಸರು: ಅಜ್ಜಿಯನ್ನು ಎಲ್ಲರೂ ಕರೆಯುತ್ತಿದ್ದ ಎರಡಕ್ಷರದ ಹೆಸರು, ಅದರ ಜೊತೆಗೆ ಮಿಲ್. ಇದನ್ನು ಒಮ್ಮೆ ಹೇಳಿದರೆ ಸಾಕು, ಕೇಳಿದವರು ಸರಿಯಾಗಿಯೇ ಟೈಪ್ ಮಾಡುತ್ತಾರೆ. ಇದರ ಗುಟ್ಟು ಅಕ್ಷರಗಳಲ್ಲಿದೆ. ತ, ದ, ಒತ್ತಕ್ಷರ, ದೀರ್ಘ ಸ್ವರ, ಮೊದಲಿನ ಎಕಾರ ಇವು ಬಂದ ಕಡೆಯೆಲ್ಲ ಇಂಗ್ಲಿಷ್ ಬರಹ ಕವಲೊಡೆಯುತ್ತದೆ. ಮ, ನ, ರ, ಲ, ಪ, ಬ, ಸ, ಜೊತೆಗೆ ಹ್ರಸ್ವ ಸ್ವರ ಇದ್ದರೆ ಅದು ಒಂದೇ ದಾರಿಯಲ್ಲಿ ಹೋಗುತ್ತದೆ. ರಂಗಿ ಎಂಬುದನ್ನು ಹೆಚ್ಚುಕಡಿಮೆ ಎಲ್ಲರೂ ಒಂದೇ ಬಗೆಯಲ್ಲಿ ಬರೆಯುತ್ತಾರೆ, ತಿಮ್ಮಿ ಎಂಬುದನ್ನು ಹಾಗೆ ಬರೆಯುವುದಿಲ್ಲ. ಹೆಸರಿನಲ್ಲಿ ಎಣ್ಣೆ ಎಂಬ ಮಾತೇ ಇಲ್ಲವಲ್ಲ ಎಂಬುದು ನಿಜವಾದ ಕೊರತೆಯೇ. ಅದನ್ನು ಲೇಬಲ್ಲಿನ ಚಿತ್ರ ತುಂಬಿಕೊಡುತ್ತದೆ, ತಪ್ಪು ಕಾಗುಣಿತವನ್ನು ಯಾವುದೂ ತುಂಬಿಕೊಡಲಾರದು.

ಇನ್ನು ಹೆಸರಿನ ಕೊನೆಯ ಭಾಗ. 1985ರಿಂದ ಇರುವ ಡಾಟ್ ಕಾಮ್ ಜನರ ಬೆರಳಿಗೆ ಅಭ್ಯಾಸವಾಗಿದೆ. 2005ರಲ್ಲಿ ಎಲ್ಲರಿಗೂ ತೆರೆದ, ನಿಕ್ಸಿ ಸಂಸ್ಥೆ ನೋಡಿಕೊಳ್ಳುವ ಡಾಟ್ ಇನ್‌ನಲ್ಲಿ ಚಿಕ್ಕ ಹೆಸರುಗಳು ಸಿಗುವ ಸಾಧ್ಯತೆ ಹೆಚ್ಚು, ಭಾರತದ ವ್ಯಾಪಾರ ಎಂಬುದೂ ಅದರಿಂದಲೇ ತಿಳಿಯುತ್ತದೆ. ಡಾಟ್ ಇನ್ ಅನ್ನು ಮುಖ್ಯವಾಗಿಟ್ಟು, ಡಾಟ್ ಕಾಮ್ ಅನ್ನು ಅದಕ್ಕೆ ತಿರುಗಿಸುವುದೇ ನನ್ನ ಆಯ್ಕೆ. ಡಾಟ್ ಸಿಓ ಡಾಟ್ ಇನ್ ಬೇಡ, ಫೋನಿನಲ್ಲಿ ಅದರ ನಡುವಿನ ತುಂಡು ಕಳೆದುಹೋಗುತ್ತದೆ. ಡಾಟ್ ಶಾಪ್, ಡಾಟ್ ಆನ್‌ಲೈನ್‌ಗಳು ಮೊದಲ ವರ್ಷ ಬಹಳ ಅಗ್ಗಕ್ಕೆ ಸಿಕ್ಕರೂ ನವೀಕರಣದ ದರ ಹಲವು ಪಟ್ಟು ಏರುವುದುಂಟು, ಆದ್ದರಿಂದ ಎರಡನೆಯ ವರ್ಷದ ದರವನ್ನೇ ಮೊದಲು ನೋಡಬೇಕು.

ಕನ್ನಡ ಲಿಪಿಯ ಡಾಟ್ ಭಾರತ ವಿಳಾಸವನ್ನೂ ಪಡೆದಿದ್ದೇವೆ. ಮೇಲೆ ಹೇಳಿದ ಕಾಗುಣಿತದ ಜಗಳವೆಲ್ಲ ಇದರಲ್ಲಿ ಒಂದೇ ಏಟಿಗೆ ಮುಗಿಯುತ್ತದೆ, ತುಮಕೂರನ್ನು ಕನ್ನಡದಲ್ಲಿ ಬರೆಯಲು ಇರುವುದು ಒಂದೇ ರೂಪ. ಇದು ಗೆಲ್ಲಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಆದರೆ ವಿಳಾಸ ಬರೆಯುವಾಗ ಕೀಬೋರ್ಡನ್ನು ಕನ್ನಡಕ್ಕೆ ಬದಲಿಸುವ ಅಭ್ಯಾಸ ಗಿರಾಕಿಗಳಿಗೆ ಇನ್ನೂ ಬಂದಿಲ್ಲ. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಅನೇಕ ಅರ್ಜಿ ನಮೂನೆಗಳು ಒಪ್ಪುವುದಿಲ್ಲ. ಕೆಲವೆಡೆ ಹೆಸರಿನ ಬದಲು ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೀಟುಗಳಿಂದ ಆರಂಭವಾಗುವ, ಯಾರಿಗೂ ಅರ್ಥವಾಗದ ಸಾಲು ಕಾಣಿಸುತ್ತದೆ. ಸದ್ಯಕ್ಕೆ ಲೇಬಲ್ಲಿನ ಮೇಲ್ಸಾಲಿನಲ್ಲಿ ಕನ್ನಡದ ವಿಳಾಸವನ್ನೂ ಅದರ ಕೆಳಗೆ ಡಾಟ್ ಇನ್ ವಿಳಾಸವನ್ನೂ ಅಚ್ಚು ಹಾಕಿಸುತ್ತಿದ್ದೇವೆ, ಫೋನಿನಲ್ಲಿ ಎರಡನೆಯದನ್ನು ಮಾತ್ರ ಹೇಳುತ್ತೇವೆ.