ವಿನೋಬನಗರದ ಜಿಮ್: ಅರವತ್ಮೂರಕ್ಕೆ ಸೇರ್ಕೊಂಡೆ

ಹೋದ್ವರ್ಷ ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ತುಂಗಾ ಸೇತುವೆ ತನಕ ವಾಕಿಂಗ್ ಹೋಗಿ ಆರು ಕೆಜಿ ಇಳಿಸ್ದೆ ಮಾರಾಯ್ರೆ, ಖುಷಿಯೋ ಖುಷಿ, ಆಮೇಲೆ ನೋಡಿದ್ರೆ ತೊಡೆ ಕಡ್ಡಿ ಆಗಿ ನೆಲಕ್ಕೆ ಕೂತ್ರೆ ಕೈ ಊರ್ದೆ ಏಳೋಕಾಗ್ತಿರ್ಲಿಲ್ಲ. ಹೊಟ್ಟೆ ಮಾತ್ರ ಅಲ್ಲೇ ಇತ್ತು ಬಿಡಿ.

ಇಲ್ಲಿ ಕೋಚ್ ಹುಡುಗ ಮೊದ್ಲು ತೂಕ ಕೇಳ್ಲಿಲ್ಲ, 30 ಸೆಕೆಂಡಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತೀರಿ ಅಂತ ಎಣಿಸ್ದ. ನಮ್ ವಯಸ್ಸಲ್ಲಿ ಬರೀ ಊಟ ಕಮ್ಮಿ ಮಾಡಿದ್ರೆ ಕೊಬ್ಬಿನ ಜೊತೆ ಸ್ನಾಯೂನೂ ಕರಗುತ್ತಂತೆ, ಅದಕ್ಕೇ ವಾರಕ್ಕೆ 2-3 ದಿನ ಭಾರ ಎತ್ಲೇಬೇಕು, ದಿನಕ್ಕೆ ಕೆಜಿ ತೂಕಕ್ಕೆ 1 ರಿಂದ 1.2 ಗ್ರಾಂ ಪ್ರೋಟೀನೂ ಬೇಕು. ನಂಗೆ 70 ಕೆಜಿ, ಲೆಕ್ಕ ಹಾಕಿ, ಒಂದ್ ಮೊಟ್ಟೇಲಿ ಬರೋದೇ ಸುಮಾರು 6 ಗ್ರಾಂ! ಈಗ ಕಡುಬು ಎರಡಕ್ಕೆ ನಿಲ್ಸಿ ಹುರುಳಿಕಾಳು, ಮೊಸರು, ಮೀನು ಜಾಸ್ತಿ ಮಾಡಿದೀನಿ. ಕಿಡ್ನಿ ತೊಂದ್ರೆ ಇದ್ದೋರು ಡಾಕ್ಟ್ರನ್ನ ಕೇಳ್ಕೊಳ್ಳಿ.

ನಾಲ್ಕು ತಿಂಗ್ಳಲ್ಲಿ ಇಳಿದಿದ್ದು ಎರಡೇ ಕೆಜಿ, ಆದ್ರೆ ಪ್ಯಾಂಟ್ ಲೂಸು, ಗ್ಯಾಸ್ ಸಿಲಿಂಡರ್ ನಾನೇ ಸರಿಸ್ತೀನಿ. ಹಾಡಿನ ಸೌಂಡ್ ಮಾತ್ರ ವಿಪರೀತ, ಪ್ರೋಟೀನ್ ಪೌಡರ್ ಡಬ್ಬ ತಗೊಳ್ಳಿ ಅಂತ ಕೌಂಟರಲ್ಲಿ ಪೀಡಿಸ್ತಾರೆ. ಐದಕ್ಕೆ ನಾಲ್ಕು ಸ್ಟಾರ್.