ಹೂಗಳ ಕಣಿವೆಗೆ ಜೇಬಲ್ಲಿ ಬಂದ ಗಾಜು: ರೇನಾಕ್ಸ್ ಡಿಸಿಆರ್-250

ಉತ್ತರಾಖಂಡದ ಹೂಗಳ ಕಣಿವೆಗೆ ಹೊರಟಾಗ ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಮನೆಯಲ್ಲೇ ಬಿಟ್ಟೆ. ಪುಲ್ನಾದಿಂದ, ಕಣಿವೆಗೆ ಹೋಗುವವರು ತಂಗುವ ಘಾಂಘ್ರಿಯಾಗೆ ಸುಮಾರು 10 ಕಿ.ಮೀ. ಏರು ದಾರಿ. ಆಗಸ್ಟ್ ಮಳೆ ಬೇರೆ. ಬೆನ್ನ ಮೇಲಿನ ಅರ್ಧ ಕೆಜಿ ಇಳಿದರೂ ಮೊಣಕಾಲಿಗೆ ಗೊತ್ತಾಗುತ್ತದೆ.

ಬದಲಿಗೆ ಜೇಬಿಗೆ ಹಾಕಿಕೊಂಡಿದ್ದು ಈ ರೇನಾಕ್ಸ್ ಗಾಜನ್ನು. ಭೂತಗನ್ನಡಿಯಂಥ +8 ಡಯಾಪ್ಟರ್ (ಗಾಜಿನ ಶಕ್ತಿಯ ಅಳತೆ) ಗಾಜು, ಅದಕ್ಕೊಂದು ಕ್ಲಿಪ್. ಫಿಲ್ಟರ್ ಅಳತೆ 52ರಿಂದ 67 ಎಂಎಂ ಇರುವ ಲೆನ್ಸ್‌ಗಳ ಮುಂದೆ ಸಿಕ್ಕಿಸಬಹುದು. ನನ್ನದು ಮಾಮೂಲಿ 55-250 ಎಂಎಂ ಜೂಮ್ ಲೆನ್ಸ್. ಜೂಮನ್ನು 100 ಎಂಎಂ ಹತ್ತಿರ ಇಟ್ಟರೆ ಮೂರು ಸೆಂ.ಮೀ.ಗಿಂತ ಕಡಿಮೆ ಅಗಲದ ಜಾಗವೇ ಇಡೀ ಫ್ರೇಮ್ ತುಂಬುತ್ತದೆ. ಇನ್ನೂ ಹತ್ತಿರ ಬೇಕಾ, ಜೂಮ್ ತಿರುಗಿಸಿದರಾಯಿತು.

ಇದರ ಬೆಲೆ ನನಗೆ ಗೊತ್ತಾಗಿದ್ದು ಅಲ್ಲೇ ಹತ್ತಿರದ ಸಿಖ್ಖರ ಯಾತ್ರಾಸ್ಥಳ ಹೇಮಕುಂಡದ ದಾರಿಯಲ್ಲಿ, 4,000 ಮೀಟರಿಗೂ ಮೇಲೆ. ಬಂಡೆ ಸಂದಿಯಲ್ಲಿ ನೀಲಿ ಗಸಗಸೆ ಹೂ ಅರಳಿತ್ತು. ಕಾಂಡದ ತುಂಬ ಮುಳ್ಳು. ಒಂದೊಂದು ಮುಳ್ಳಿನ ತುದಿಯಲ್ಲೂ ಮಂಜಿನ ಹನಿ. ನಡುವೆ ಹಳದಿ ಕೇಸರಗಳ ಗೊಂಚಲು. ಬರಿಗಣ್ಣಿಗೆ ಕಾಣದ ಪರಾಗದ ಪುಡಿಯೂ ಚಿತ್ರದಲ್ಲಿ ಬಂತು. ಆವತ್ತು ಅಲ್ಲಿಂದ ಏಳೋಕೇ ಮನಸ್ಸಾಗಲಿಲ್ಲ.

ಆದರೆ ತಾಳ್ಮೆ ಬೇಕು. ಹೂವಿಂದ ಸುಮಾರು 12 ಸೆಂ.ಮೀ. ದೂರದಲ್ಲಷ್ಟೇ ಫೋಕಸ್ ಸಿಗುತ್ತದೆ. ಫೋಕಸ್ ರಿಂಗ್ ತಿರುಗಿಸಿ ಹೆಚ್ಚೇನೂ ಪ್ರಯೋಜನವಿಲ್ಲ, ನಾವೇ ಹಿಂದೆ ಮುಂದೆ ಸರಿಯಬೇಕು. ಆ ಎತ್ತರದಲ್ಲಿ ಏದುಸಿರಿಗೆ ಮೈಯೆಲ್ಲ ತೂಗುತ್ತಿರುತ್ತದೆ. ಎರಡು ನಿಮಿಷ ಸುಮ್ನೆ ಕೂತು, ಮಣಿಕಟ್ಟನ್ನು ಕಲ್ಲಿಗೆ ಊರಿ, ಉಸಿರು ಬಿಟ್ಟ ಮೇಲೆ ಸಾಲಾಗಿ ಐದಾರು ಫೋಟೋ ತೆಗೆಯುತ್ತಿದ್ದೆ. ಲೆನ್ಸ್‌ನ ಕಿಂಡಿ ಕಿರಿದು ಮಾಡಿ ಎಫ್/11 ಇಟ್ಟರೂ ಚೂಪಾಗಿ ಬರುವುದು ತೆಳು ಪದರವಷ್ಟೇ. ಗಾಳಿ ಬಂದರೆ ಕಾಯುವುದೊಂದೇ ದಾರಿ. ಒಳ್ಳೆಯ ಕೋನ ಬೇಕೆಂದು ಕಾಲುದಾರಿ ಬಿಟ್ಟು ಹೂಗಳ ಮೇಲೆ ಕಾಲಿಡಬೇಡಿ, ದಯವಿಟ್ಟು.

ಬ್ರಹ್ಮಕಮಲಕ್ಕೆ ಮಾತ್ರ ಇದನ್ನು ಬಿಚ್ಚಿಟ್ಟೆ. (ನಮ್ಮೂರಲ್ಲಿ ರಾತ್ರಿ ಅರಳುತ್ತದಲ್ಲ, ಅದು ಕಳ್ಳಿ ಜಾತಿಯದು. ಇದು ಬೇರೆಯೇ ಗಿಡ.) ಕಾಗದದಂಥ ತಿಳಿ ಎಸಳು, ಹಿಂದೆ ಮೋಡ, ಕಲ್ಲು. ಅಷ್ಟೂ ಒಟ್ಟಿಗೆ ಕಾಣಬೇಕಿತ್ತು, ಅದಕ್ಕೆ ಮೊಬೈಲ್ ಸಾಕಾಯಿತು.

ಕಣಿವೆಯೊಳಗಿನ ನಸುಗೆಂಪು ಹೂಗಳನ್ನು ನೋಡಿದ ತಕ್ಷಣ ಗುರುತು ಹತ್ತಿತು. ನಮ್ಮ ಮಲೆನಾಡಿನ ಕರ್ಣಕುಂಡಲದ ಬಳಗ! ಈಗ ಊರಲ್ಲೂ ಮಳೆ ಹಿಡಿದಿದೆ. ಗಾಜು ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡಿದ್ದೇನೆ.