ಎಟಿಮೊಲೊಗಿಬಾಂಕ್: ಡಚ್ ‘ಗ್ರಾಫ್’ ಪದದ ಬೇರು ಇಲ್ಲಿ ಎಷ್ಟು ಆಳಕ್ಕೆ ಸಿಗುತ್ತದೆ?

ಡಚ್ ಪದಗಳ ಮೂಲ ಹುಡುಕುವವರು ಮೊದಲು ತೆರೆಯಬೇಕಾದ ತಾಣ ಎಟಿಮೊಲೊಗಿಬಾಂಕ್. ನಿಕೋಲಿನ್ ಫಾನ್ ಡೆರ್ ಸೈಸ್ 2010ರಲ್ಲಿ ಸಂಕಲಿಸಿದ ಈ ತಾಣದಲ್ಲಿ ಒಂದು ಪದ ಕೊಟ್ಟರೆ ಹಲವು ವ್ಯುತ್ಪತ್ತಿ ನಿಘಂಟುಗಳ ವಿವರಣೆ ಒಂದೇ ಪುಟದಲ್ಲಿ ಬರುತ್ತದೆ. ಹಣ ಕೊಡಬೇಕಿಲ್ಲ, ನೋಂದಣಿಯೂ ಬೇಡ.

ಮಧ್ಯಯುಗದ ಯುರೋಪಿನಲ್ಲಿ ಪ್ರಾಂತ್ಯದ ಒಡೆಯನಿಗಿದ್ದ ಕೌಂಟ್ ಪದವಿಯನ್ನು ಸೂಚಿಸುವ ‘ಗ್ರಾಫ್’ ಹುಡುಕಿ ನೋಡಿ (ಜಿ, ಆರ್, ಎರಡು ಎ, ಎಫ್). ಮೊದಲ ವಿವರಣೆ ಓದಿ ಪುಟ ಮುಚ್ಚಬೇಡಿ, ಈ ಪದದ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಫ್ರಾಂಕರೆಂಬ ಜರ್ಮಾನಿಕ್ ಜನಾಂಗದ 6ನೇ ಶತಮಾನದ ಸಾಲಿಕ್ ಕಾನೂನಿನಲ್ಲಿ ಅದು ‘ಗ್ರಾಫಿಯೊ’ ಎಂಬ ಲ್ಯಾಟಿನ್ ರೂಪದಲ್ಲಿದೆ. ಆಗ ಅದು ವಂಶದ ಬಿರುದಲ್ಲ, ಸೊತ್ತು ಜಪ್ತಿ ಮಾಡುವ ಅಧಿಕಾರವಿದ್ದ ರಾಜನ ನೌಕರನ ಹುದ್ದೆ. ಕೆಲವರು ಇದನ್ನು ಲಿಪಿಕಾರ ಎಂಬರ್ಥದ ಗ್ರೀಕ್ ‘ಗ್ರಾಫೆಯುಸ್’ನಿಂದ ಬಂದದ್ದೆನ್ನುತ್ತಾರೆ. ಇನ್ನು ಕೆಲವರು ಗಾಥಿಕ್ ಎಂಬ ಹಳೆಯ ಭಾಷೆಯಲ್ಲಿ ಆಜ್ಞೆ ಎಂಬರ್ಥದ ‘ಗಗ್ರೆಫ್ಟ್ಸ್’ ತೋರಿಸಿ, ಇದು ಡಚ್, ಜರ್ಮನ್, ಇಂಗ್ಲಿಷ್ ಸೇರಿದ ಜರ್ಮಾನಿಕ್ ಕುಟುಂಬದ ಪದವೇ ಎಂದು ವಾದಿಸುತ್ತಾರೆ. ಇಂಗ್ಲಿಷಿನ ‘ಶೆರಿಫ್’ನಲ್ಲಿ ಅಡಗಿರುವ, ಅಧಿಕಾರಿ ಎಂಬರ್ಥದ ಹಳೆಯ ಇಂಗ್ಲಿಷ್ ಪದ ‘ಗೆರೇಫ’ ಇದರ ನೆಂಟನೇ ಎಂಬುದೂ ಇತ್ಯರ್ಥವಾಗಿಲ್ಲ, ಎರಡರ ಸ್ವರಗಳು ಸರಿಹೊಂದುವುದಿಲ್ಲ. ಈ ಭಿನ್ನಾಭಿಪ್ರಾಯವನ್ನು ಬಚ್ಚಿಡದೆ ಎದುರಿಗಿಡುವುದೇ ತಾಣದ ದೊಡ್ಡ ಗುಣ.

ತೊಡಕು ಭಾಷೆಯದು. ಬಹುಪಾಲು ಡಚ್‌ನಲ್ಲಿದೆ, ಸಂಕ್ಷೇಪಗಳೂ ದಂಡಿಯಾಗಿವೆ. ‘ಎಂಎನ್‌ಎಲ್’ ಎಂದರೆ ಮಧ್ಯಕಾಲೀನ ಡಚ್, ‘ಓಎಚ್‌ಡಿ’ ಹಳೆಯ ಉನ್ನತ ಜರ್ಮನ್, ‘ಓಎಸ್’ ಹಳೆಯ ಸ್ಯಾಕ್ಸನ್. ಇದೇ ಎರಡಕ್ಷರದ ಡಚ್ ಪದ ‘ಓಸ್’ ಎಂದರೆ ಎತ್ತು, ಹಾಗಾಗಿ ಯಂತ್ರಾನುವಾದ ಅಲ್ಲಿ ಎಡವಬಹುದು. ಸಂಕ್ಷೇಪಗಳನ್ನು ಬಿಡಿಸಿ ಬರೆದ ಮೇಲೆಯೇ ಅನುವಾದಕ್ಕೆ ಹಾಕಿ. ನಕ್ಷತ್ರ ಚಿಹ್ನೆಯಿರುವ ರೂಪ ಯಾವ ದಾಖಲೆಯಲ್ಲೂ ಸಿಕ್ಕಿದ್ದಲ್ಲ, ತರ್ಕದಿಂದ ಪುನಾರಚಿಸಿದ್ದು.

ಹಳೆಯ ಪ್ರಯೋಗಗಳ ಉಲ್ಲೇಖ ಬೇಕಾದರೆ ಇದೊಂದೇ ಸಾಲದು. ಲೈಡನ್‌ನ ಡಚ್ ಭಾಷಾ ಸಂಸ್ಥೆಯ ಐತಿಹಾಸಿಕ ನಿಘಂಟು ತಾಣಕ್ಕೂ ಹೋಗಬೇಕು, ಅದೂ ಉಚಿತ. ಅಲ್ಲಿ ಆಧುನಿಕ ಡಚ್ ಪದದ ಪೆಟ್ಟಿಗೆಯಲ್ಲಿ ಹುಡುಕಿ. ಮೂಲರೂಪದ ಪೆಟ್ಟಿಗೆಯಲ್ಲಾದರೆ ಮಧ್ಯಕಾಲೀನ ನಿಘಂಟಿಗೆ ‘ಗ್ರಾವೆ’ ಎಂದೇ ಕೊಡಬೇಕು, ಇಲ್ಲದಿದ್ದರೆ ನಮೂದು ಕೈತಪ್ಪುತ್ತದೆ. ಹೇಗ್ ನಗರದ ಪೂರ್ಣ ಹೆಸರು ‘ಸ್‌ಗ್ರಾವನ್‌ಹಾಗೆ’ಯಲ್ಲಿ ಈ ಹಳೆಯ ರೂಪ ಇಂದಿಗೂ ಉಳಿದಿದೆ. ಸನಿಕೆ ಎಂಬರ್ಥದ ಇನ್ನೊಂದು ‘ಗ್ರಾಫ್’ ಕೂಡ ಇದೆ. ಅದು ಅಗೆಯುವ ಕ್ರಿಯಾಪದದಿಂದ ಬಂದದ್ದು, ಅದರ ನಮೂದನ್ನು ಇದಕ್ಕೆ ಬೆರೆಸಬೇಡಿ. ಒಡ್ಡು, ಕಾಲುವೆಗಳನ್ನು ನೋಡಿಕೊಳ್ಳುವ ಜಲಮಂಡಳಿಯ ಮುಖ್ಯಸ್ಥರನ್ನು ಇಂದಿಗೂ ‘ಡೈಕ್‌ಗ್ರಾಫ್’ ಎನ್ನುತ್ತಾರೆ. ಅಲ್ಲಿರುವುದು ಪದವಿಯ ‘ಗ್ರಾಫ್’, ಸನಿಕೆಯದಲ್ಲ.